ಎಂಟು ತಾಸಿನ ಊರು

ಹಡಗಿನಲ್ಲಿ ಬಂದವರಿಗೆ ಮಂಗಳೂರು ಎಂಟು ತಾಸಿನ ಊರು. ಬೆಳಿಗ್ಗೆ ಪಣಂಬೂರಿನ ಬಂದರಿಗೆ ಬಂದು ನಿಂತ ಕ್ರೂಸ್ ಹಡಗು ಸಂಜೆಗೆ ಹೊರಟುಬಿಡುತ್ತದೆ. ನಡುವೆ ಸಿಕ್ಕ ಹೊತ್ತಿನಲ್ಲಿ ಬಸ್ ಹತ್ತಿ, ಗೈಡ್ ಹೇಳಿದ್ದು ಕೇಳಿ, ನಾಲ್ಕೈದು ಜಾಗ ನೋಡಿ ವಾಪಸ್. ಮರುದಿನ ಕಣ್ಣು ಬಿಟ್ಟರೆ ಕೊಚ್ಚಿ ಅಥವಾ ಗೋವಾ.

‘ಇದೂ ಒಂದು ಊರು ನೋಡೋದಾ?’ ಅಂತ ನಾವು ನಗ್ತೀವಿ. ಆದರೆ ಲಾಂಗ್ ವೀಕೆಂಡಿನಲ್ಲಿ ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲ ಎರಡು ದಿನದಲ್ಲಿ ಮುಗಿಸಿ ಬರುವ ನಾವು ಮಾಡೋದೂ ಹೆಚ್ಚುಕಡಿಮೆ ಅದನ್ನೇ. ವ್ಯತ್ಯಾಸ ಇಷ್ಟೇ: ಅವರ ಜೊತೆ ಊರು ಗೊತ್ತಿರುವ ಒಬ್ಬ ಮನುಷ್ಯ ಇರ್ತಾನೆ, ನಮ್ಮ ಜೊತೆ ಗೂಗಲ್ ಮ್ಯಾಪ್ ಇರುತ್ತೆ.

ನಾನು ಬೆಟಗೇರಿಯವನು. ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಮಂಗಳೂರಿಗೆ ಬಂದು ನಾಲ್ಕು ವರ್ಷ ಆಯ್ತು. ಪಕ್ಕದ ಮನೆಯ ಗೆಳೆಯ ಹಡಗಿನ ಸೀಸನ್ನಿನಲ್ಲಿ ಗೈಡ್ ಆಗಿ ಹೋಗ್ತಾನೆ. ಅವನಿಂದ ಕೇಳಿದ್ದು, ಅವನ ಜೊತೆ ಅದೇ ದಾರಿಯಲ್ಲಿ ಒಂದು ಶನಿವಾರ ತಿರುಗಿದ್ದು, ಆಮೇಲೆ ಅವನನ್ನೇ ನಮ್ಮೂರಿಗೆ ಕರಕೊಂಡು ಹೋಗಿ ತಿರುಗಿಸಿದ್ದು, ಈ ಮೂರೂ ಸೇರಿ ಈ ಬರಹ.

ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಅದಿರು, ಕಲ್ಲಿದ್ದಲು, ಕಚ್ಚಾ ತೈಲ, ಅಡುಗೆ ಅನಿಲ ಏರಿಸಿ ಇಳಿಸುವ ಜಾಗ. ಅದರ ನಡುವೆಯೇ ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ವಿದೇಶಿಯರು ಇ-ವೀಸಾ ಹಿಡಿದು ಇಳಿಯಬಹುದಾದ ಬಂದರುಗಳಲ್ಲಿ ಮುಂಬೈ, ಗೋವಾ, ಕೊಚ್ಚಿ, ಚೆನ್ನೈ ಜೊತೆಗೆ ಮಂಗಳೂರೂ ಇದೆ. ಕೋವಿಡ್ ಕಾಲದಲ್ಲಿ ಎಲ್ಲ ನಿಂತುಹೋಗಿತ್ತು. 2022ರ ನವೆಂಬರ್ ಕೊನೆಗೆ ‘ಯುರೋಪಾ 2’ ಎಂಬ ಹಡಗು 270ರ ಆಸುಪಾಸು ಪ್ರಯಾಣಿಕರನ್ನು ಹೊತ್ತು ಬಂದಾಗ ಮತ್ತೆ ಶುರುವಾಯಿತು.

ಇದು ನಡೆಯುವ ರೀತಿ ಹೀಗೆ. ಊರು ಸುತ್ತುವ ಟಿಕೆಟ್ ಹಡಗಿನಲ್ಲೇ ಮಾರಾಟವಾಗುತ್ತದೆ. ಅರ್ಧ ದಿನದ್ದು ಒಂದು, ಪೂರ್ತಿ ದಿನದ್ದು ಇನ್ನೊಂದು. ಬಸ್ಸು, ಗೈಡ್, ಊಟ ಇವನ್ನೆಲ್ಲ ಊರಿನ ಟೂರ್ ಕಂಪನಿ ಹೊಂದಿಸುತ್ತದೆ. ಬಂದರಿನಲ್ಲಿ ಚೆಂಡೆ, ಯಕ್ಷಗಾನದ ವೇಷದ ಸ್ವಾಗತ. ಹೊರಗೆ ಟ್ಯಾಕ್ಸಿಯವರೂ ಕಾಯ್ತಾ ಇರ್ತಾರೆ.

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುವ ಹಡಗಿನ ಟಿಕೆಟ್ ನೋಡ್ತಾ ಇರೋರಿಗೆ ಇಲ್ಲೊಂದು ಉಪಯೋಗದ ಮಾತು. ಹಡಗಿನವರೇ ಮಾರಿದ ಟೂರಿನಲ್ಲಿ ಹೋಗಿ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ನೀವೇ ಆಟೋ ಹಿಡಿದು ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕು. ಹೊರದೇಶದ ಹಡಗಾದರೆ ಹಡಗಿನ ಗಡಿಯಾರ ಮತ್ತು ಊರಿನ ಗಡಿಯಾರ ಬೇರೆ ಬೇರೆ ಇರುವುದೂ ಉಂಟು. ಇಳಿಯುವ ಮೊದಲು ಎರಡನ್ನೂ ನೋಡಿಕೊಳ್ಳಿ.

ಗೆಳೆಯನ ಜೊತೆ ಸುತ್ತಿದ್ದು ಅರ್ಧ ದಿನದ ದಾರಿ. ಮೊದಲು ಕದ್ರಿ. ಅಲ್ಲಿನ ಕಂಚಿನ ಲೋಕೇಶ್ವರ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನ ಇದೆ, ಕಾಲ ಕ್ರಿ.ಶ. 968. ಆಮೇಲೆ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಛಾವಣಿ ತುಂಬ ಇರುವ ಚಿತ್ರಗಳು ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಕಲಾವಿದನ ಕೈಕೆಲಸ. 1899ರ ಹೊತ್ತಿಗೆ ಶುರು ಮಾಡಿದ್ದು. ಮುಂದೆ ಕುದ್ರೋಳಿ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥೇಶ್ವರ. ಬೇರೆ ಗುಡಿಗಳ ಒಳಗೆ ಬಿಡದಿದ್ದ ಜನ ತಮ್ಮದೇ ಗುಡಿ ಕಟ್ಟಿಕೊಂಡ ಕಥೆ. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಪೂರ್ತಿ ದಿನದ ಟಿಕೆಟ್ ತಗೊಂಡವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದಲ್ಲಿ 1432ರಿಂದ ನಿಂತಿರುವ ಗೊಮ್ಮಟನ ಹತ್ತಿರಕ್ಕೂ ಹೋಗ್ತಾರೆ.

‘ಇಷ್ಟೆಲ್ಲ ಹೇಳಿದ್ರೂ ಅವರು ಜಾಸ್ತಿ ಹೊತ್ತು ನಿಲ್ಲೋದು ಎಲ್ಲಿ ಗೊತ್ತುಂಟಾ?’ ಅಂದ ಗೆಳೆಯ. ‘ಗೋಡಂಬಿ ಫ್ಯಾಕ್ಟರಿಯಲ್ಲಿ ಮಾರಾಯ.’

ಗೋಡಂಬಿ ಬೀಜ ಬೇಯಿಸಿ, ಗಟ್ಟಿ ಓಡು ಕತ್ತರಿಸಿ, ಒಣಗಿಸಿ, ಮೇಲಿನ ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರೆ ಮಾಡುವುದು. ಓಡಿನೊಳಗಿನ ಎಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಪ್ಯಾಕೆಟ್ ಮೇಲೆ ಡಬ್ಲ್ಯು 320 ಅಂತ ಇರುತ್ತಲ್ಲ, ಅದರ ಅರ್ಥ ಒಂದು ಪೌಂಡಿಗೆ ಸುಮಾರು 320 ಬೀಜ. ಡಬ್ಲ್ಯು 180 ಅಂದರೆ ದಪ್ಪ ಬೀಜ, ಬೆಲೆಯೂ ಜಾಸ್ತಿ. ಸಾಲಾಗಿ ಕೂತ ಹೆಂಗಸರು ಕಣ್ಣಳತೆಯಲ್ಲೇ ಬೇರೆ ಮಾಡುವ ವೇಗ ನೋಡಿದರೆ ಯಾರೂ ನಿಲ್ಲಬೇಕು.

ನನಗೆ ಮಾತ್ರ ಅಲ್ಲಿ ಒಂಥರಾ ಮುಜುಗರ ಆಯ್ತು. ಕೂತು ದುಡಿಯುವವರ ಎದುರಿಗೆ ನಿಂತು ಫೋಟೊ ಹೊಡೆಯೋದು, ಅವರು ತಲೆ ತಗ್ಗಿಸಿಕೊಂಡೇ ಇರೋದು. ಗೆಳೆಯನಿಗೆ ಹೇಳಿದೆ. ಅವನಿಗೂ ಮೊದಮೊದಲು ಹಾಗೇ ಅನಿಸಿತ್ತಂತೆ. ಒಂದು ಸಲ ಬೀಜ ಬಿಡಿಸುತ್ತಿದ್ದ ಅಕ್ಕ ಒಬ್ಬರು ಅವನನ್ನು ಕರೆದು, ‘ಇವರ ಊರಲ್ಲಿ ಗೋಡಂಬಿ ಕೆಜಿಗೆ ಎಷ್ಟು, ಕೇಳಿ ಹೇಳಿ’ ಅಂದರಂತೆ. ಅವನು ಕೇಳಿದ. ಬಂದ ಉತ್ತರವನ್ನು ರೂಪಾಯಿಗೆ ಬದಲಾಯಿಸಿ ಹೇಳಿದ. ಇಡೀ ಸಾಲು ಕೆಲಸ ನಿಲ್ಲಿಸಿ ನಕ್ಕಿತಂತೆ. ಆಮೇಲೆ ಆ ಹಡಗಿನ ಹೆಂಗಸು ಅವರ ಪಕ್ಕ ಕೂತು ತಾನೂ ಒಂದು ಬೀಜದ ಸಿಪ್ಪೆ ಬಿಡಿಸೋಕೆ ನೋಡಿದಳಂತೆ.

ಅಂದಿನಿಂದ ಅವನದೊಂದು ನಿಯಮ. ಎಲ್ಲಿ ಹೋದರೂ ಕೊನೆಯ ಐದು ನಿಮಿಷ ಊರಿನವರದು. ಬಂದವರು ಕೇಳಿದ್ದು ಮುಗಿದ ಮೇಲೆ ಇಲ್ಲಿಯವರು ಕೇಳಬೇಕು, ಇವನು ಎರಡೂ ಕಡೆಗೆ ಹೇಳಬೇಕು. ಮಾರ್ಕೆಟ್ಟಿನ ಹೂವಿನವರಿಂದ ಹಿಡಿದು ಬಸ್ಸಿನ ಡ್ರೈವರ್‌ವರೆಗೆ. ‘ಎಂಟು ಗಂಟೆ ಕಮ್ಮಿ ಅಲ್ಲ ಮಾರಾಯ. ಒಂದೇ ಕಡೆಯವರು ಮಾತಾಡಿದ್ರೆ ಎಂಟು ದಿನವೂ ಸಾಲೋದಿಲ್ಲ’ ಅಂದ.

ನಮ್ಮೂರಿನ ವಿಷಯ ಬಂದದ್ದು ಈ ಮಾತಿನಿಂದ. ಮಂಗಳೂರಿಗೂ ಬೆಟಗೇರಿಗೂ ಹಳೆಯದೊಂದು ನಂಟು ಇದೆ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಹಡಗಿನಲ್ಲಿ ಹೊರಟು ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿ ಮಗ್ಗ, ಹೆಂಚಿನ ಕಾರ್ಖಾನೆ, ಅಚ್ಚುಕೂಟ ಹಾಕಿದರು. ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ ದಾಟಿ 1841ರ ಹೊತ್ತಿಗೆ ಬೆಟಗೇರಿಗೂ ಬಂದರು. ನಮ್ಮ ಹಿರಿಯರ ಬಾಯಲ್ಲಿ ಅವರ ದವಾಖಾನಿ ಇವತ್ತಿಗೂ ‘ಜರ್ಮನ್ ದವಾಖಾನಿ’. ಅಂದರೆ ಹಡಗಿನ ಮಂದಿ ಆಗಲೇ ನಮ್ಮೂರಿಗೆ ಬಂದು ಉಳಿದಿದ್ದರು. ಈಗ ಹಂಪಿಯಿಂದ ಬಾದಾಮಿಗೆ ಹೋಗುವ ಕಾರುಗಳು ಲಕ್ಕುಂಡಿಯಲ್ಲಿ ಇಪ್ಪತ್ತು ನಿಮಿಷ ನಿಂತರೆ ಹೆಚ್ಚು.

ನಮ್ಮಲ್ಲಿ ಕಡಲಿಲ್ಲ, ಜಂಕ್ಷನ್ ಐತಿ. ಹುಬ್ಬಳ್ಳಿಯಿಂದ ಬರುವ ಹಳಿ ಗದಗಿನಲ್ಲಿ ಕವಲೊಡೆದು ಒಂದು ಹೊಸಪೇಟೆ ಕಡೆಗೆ, ಇನ್ನೊಂದು ಬಾದಾಮಿ ಕಡೆಗೆ ಹೋಗುತ್ತದೆ. ಹಂಪಿಗೂ ಬಾದಾಮಿಗೂ ನಡುವಿನ ಬಂದರು ಇದೇ ಅಂದುಕೊಂಡು ಹೋದ ಜನವರಿಯಲ್ಲಿ ಗೆಳೆಯ ಮತ್ತು ಅವನ ಅಮ್ಮನನ್ನು ಕರಕೊಂಡು ಹೋದೆ. ಈ ಸಲ ಗೈಡ್ ನಾನು. ಟೈಮ್ ಅದೇ, ಎಂಟು ತಾಸು.

ಬೆಳಿಗ್ಗೆ ಎಂಟೂವರೆಗೆ ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗ. ಅದೇ ಆವರಣದಲ್ಲಿ ಸರಸ್ವತಿ ಗುಡಿ. ಮೂರ್ತಿ ಭಗ್ನವಾಗಿದೆ, ಕಂಬಗಳು ಮಾತ್ರ ಈಗ ತಾನೇ ಕಡೆದು ನಿಲ್ಲಿಸಿದ ಹಾಗಿವೆ. ಹತ್ತಕ್ಕೆ ವೀರನಾರಾಯಣ ಗುಡಿ. ಕುಮಾರವ್ಯಾಸ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಭಾರತ ಬರೆಯುತ್ತಿದ್ದ ಅಂತ ಊರವರು ಹೇಳುವುದು ಇಲ್ಲಿಯ ಕಂಬವನ್ನೇ ತೋರಿಸಿ. ಹತ್ತೂಮುಕ್ಕಾಲಿಗೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣು ಕಾಣದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟ ಜಾಗ. ಗುರುಗಳಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚು. ಮೂವರೂ ಅರ್ಧ ತಾಸು ಸುಮ್ಮನೆ ಕೂತಿದ್ದೆವು.

ಹನ್ನೊಂದೂವರೆಗೆ ಬೆಟಗೇರಿ. ನನಗೆ ಪರಿಚಯದ ಒಬ್ಬ ನೇಕಾರ ಕಾಕಾನ ಮನೆ. ಬಾಗಿಲು ದಾಟಿದ ಕೂಡಲೇ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಾಕಾ ಲಾಳಿ ಹೊಡೆಯುತ್ತಿದ್ದರು. ಮೂಲೆಯಲ್ಲಿ ಕಾಕು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮೊದಲು ಈ ಓಣಿಗೆ ಕಾಲಿಟ್ಟರೆ ಲಾಳಿ ಸಪ್ಪಳ ಬಿಟ್ಟು ಬೇರೆ ಏನೂ ಕೇಳುತ್ತಿರಲಿಲ್ಲ. ಈಗ ಸಪ್ಪಳ ಎಲ್ಲಿಂದ ಬರುತ್ತಿದೆ ಅಂತ ಮನೆ ಹುಡುಕಬಹುದು. ಕಾಕಾನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ.

‘ನೋಡಾಕ ಮಂದಿ ಬರ್ತಾರಪಾ, ಇಲ್ಲ ಅನ್ನಂಗಿಲ್ಲ. ಮೊಬೈಲ್ ಹಿಡದು ವಿಡಿಯೊ ಮಾಡ್ತಾರ, ಹೋಗ್ತಾರ’ ಅಂದರು ಕಾಕಾ. ‘ಒಂದ್ ಅರ್ಧ ತಾಸು ಕುಂತು ಲಾಳಿ ಹೊಡದು ನೋಡ್ಲಿ. ಆಮ್ಯಾಲೆ ರೇಟ್ ಕೇಳ್ಲಿ.’

ಗೆಳೆಯ ಕುಣಿಗೆ ಇಳಿದು ಕೂತ. ಹತ್ತು ನಿಮಿಷದಲ್ಲಿ ಮೂರು ಸಲ ಎಳೆ ಹರಿಯಿತು. ಕಾಕಾ ಪ್ರತಿ ಸಲವೂ ಗಂಟು ಹಾಕಿ ಕೊಟ್ಟರು. ಒಂದು ಸೀರೆಗೆ ಎರಡು ಮೂರು ದಿನ ಹೇಗೆ ಹಿಡಿಯುತ್ತದೆ ಅನ್ನೋದನ್ನ ಬಾಯಲ್ಲಿ ವಿವರಿಸುವ ಕೆಲಸವೇ ಉಳಿಯಲಿಲ್ಲ.

ಆದರೆ ಆ ಮನೆಯಲ್ಲಿ ನಡೆದ ನಿಜವಾದ ಮಾತು ನಮ್ಮದಲ್ಲ. ಗೆಳೆಯನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಕರಾವಳಿಯ ಎಷ್ಟೋ ಮನೆಗಳು ನಡೆದದ್ದು ಆ ದುಡ್ಡಿನಲ್ಲಿ. ಅವರು ಕಾಕು ಪಕ್ಕ ಹೋಗಿ ನೆಲದ ಮೇಲೆ ಕೂತರು.

‘ಅಕ್ಕಾರ, ನೀವು ದಿನಕ್ಕ ಎಷ್ಟು ಕಟ್ತಿದ್ರಿ?’ ಕಾಕು ಕೇಳಿದರು.

‘ಎಂಟುನೂರು ಸಲೀಸು. ಸಾವಿರ ಆಗ್ಬೇಕಿದ್ರೆ ರಾತ್ರಿಯೂ ಕೂತುಕೊಳ್ಬೇಕಿತ್ತು. ಒಳ್ಳೇದಿಲ್ಲ ಅಂತ ಒಂದಿಷ್ಟು ತೆಗೆದು ಬಿಸಾಡ್ತಿದ್ರು, ಅದಕ್ಕೆ ದುಡ್ಡಿಲ್ಲ.’

‘ನಮಗೂ ಹಂಗ ನೋಡ್ರಿ. ಎಳಿ ಹರದು ಕಲಿ ಬಿತ್ತಂದ್ರ ಕೂಲಿ ಹಿಡೀತಾರ.’

ಆಮೇಲೆ ಭುಜದ ನೋವು, ಸೊಂಟದ ನೋವು, ಯಾವ ಎಣ್ಣೆ ಹಚ್ಚಿದರೆ ಕಡಿಮೆ ಆಗುತ್ತದೆ, ಮಕ್ಕಳು ಈ ಕೆಲಸಕ್ಕೆ ಬರಲಿಲ್ಲ, ಬರಲಿಲ್ಲವಲ್ಲ ಅಂತ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಖಾಲಿ. ಒಬ್ಬರದು ‘ಉಂಟು’ ಭಾಷೆ, ಇನ್ನೊಬ್ಬರದು ‘ಐತಿ’ ಭಾಷೆ. ಗೈಡ್ ಇಬ್ಬರಿದ್ದೆವು, ಯಾರೂ ಬೇಕಾಗಲಿಲ್ಲ.

ಊಟಕ್ಕೆ ಕಾಕು ಎಬ್ಬಿಸಿದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಹೊರಡುವಾಗ ಅಮ್ಮ ಒಂದು ಸೀರೆ ಆರಿಸಿದರು. ಕಾಕಾ ಹೇಳಿದ ಬೆಲೆಯನ್ನೇ ಕೊಟ್ಟರು. ಮೀನು ಮಾರ್ಕೆಟ್ಟಿನಲ್ಲಿ ಹತ್ತು ರೂಪಾಯಿಗೂ ಬಿಡದ ಅಮ್ಮ ಇಲ್ಲಿ ಚೌಕಾಸಿ ಮಾಡದ್ದು ನೋಡಿ ಗೆಳೆಯನೇ ದಂಗು. ‘ಲೆಕ್ಕ ಗೊತ್ತಾದ ಮೇಲೆ ಎಂತ ಚೌಕಾಸಿ?’ ಅಂದರು.

ಉಳಿದ ಹೊತ್ತು ಲಕ್ಕುಂಡಿಗೆ. ಗದಗಿನಿಂದ ಸುಮಾರು 12 ಕಿಲೋಮೀಟರ್. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ, ಮಣಿಕೇಶ್ವರದ ಮುಂದಿನ ಮುಸುಕಿನ ಬಾವಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ಕಥೆ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: ‘ಸಾವಿರ ಪ್ರತಿ ಬರೆದವರಿಗೆ ಎಷ್ಟು ಕೊಟ್ರಂತೆ?’ ಸಂಜೆ ನಾಲ್ಕೂವರೆಗೆ ನಮ್ಮ ಎಂಟು ತಾಸು ಮುಗಿಯಿತು.

ಗದಗ-ಬೆಟಗೇರಿಗೆ ಪ್ರವಾಸಿಗರು ಬರಬೇಕು ಅಂದಾಗೆಲ್ಲ ನಾವು ಗುಡಿಗಳ ಪಟ್ಟಿ ಕೊಡುತ್ತೇವೆ. ಗುಡಿ ಬೇಕು. ಅದರ ಜೊತೆಗೆ ಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಎರಡು ಕಡೆಯ ಮಾತು ಗೊತ್ತಿರುವ ಊರಿನ ನಾಲ್ಕು ಹುಡುಗ ಹುಡುಗಿಯರು, ಹೊತ್ತು ಗೊತ್ತಿರುವ ಒಂದು ಪಟ್ಟಿ, ಚೊಕ್ಕ ಶೌಚಾಲಯ, ಮೊದಲೇ ಹೇಳಿ ಒಪ್ಪಿಸಿದ ಒಂದೆರಡು ಮಗ್ಗದ ಮನೆ. ಆ ಮನೆಗೆ ಅರ್ಧ ದಿನದ ಕೂಲಿ ತಪ್ಪದ ಹಾಗೆ ಇಷ್ಟು ಅಂತ ದುಡ್ಡು. ಸೀರೆ ಕೊಂಡರೂ ಕೊಳ್ಳದಿದ್ದರೂ ಅದು ಅವರಿಗೆ ಸೇರಬೇಕು.

ಅದೆಲ್ಲ ಆಗುವವರೆಗೆ ನಾವೇ ಮಾಡಬಹುದಾದದ್ದು ಇದೆ. ಮುಂದಿನ ಸಲ ಹಂಪಿ, ಬಾದಾಮಿ ಪ್ಲಾನ್ ಮಾಡುವಾಗ ನಡುವೆ ಒಂದು ದಿನ ಗದಗಿಗೆ ಇಡಿ. ಚಳಿಗಾಲವಾದರೆ ಎರಡು ದಿನ: ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿರುತ್ತವೆ, 2024ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿಂದ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಶಿರಹಟ್ಟಿಯ ಫಕೀರೇಶ್ವರ ಮಠ ಹತ್ತಿರವೇ. ಮಗ್ಗದ ಮನೆಗೆ ಹೋಗುವುದಾದರೆ ಊಟದ ಹೊತ್ತಿಗೆ ಮೊದಲೇ ಹೋಗಿ, ಫೋಟೊ ತೆಗೆಯುವ ಮುಂಚೆ ಕೇಳಿ, ಅವರು ಏನಾದರೂ ಕೇಳಿದರೆ ಪೂರ್ತಿ ಉತ್ತರ ಹೇಳಿ. ನಿಮ್ಮ ಸಂಬಳ ಎಷ್ಟು ಅಂತಲೂ ಕೇಳಬಹುದು, ತಯಾರಿರಿ.