ಒಂದು ಚಮಚ ಬಲ

ಬೇಗಂಪೇಟೆಯ ಜಿಮ್ಮೊಂದಕ್ಕೆ ಬೆಳಗಿನ ಆರಕ್ಕೆ ಹೋಗುವ ನಾವು ಮೂವರೂ ಕನ್ನಡಿಗರು, ಮೂವರೂ ನಲವತ್ತೈದು ದಾಟಿದವರು. ಬಾಲ್ಯದಲ್ಲಿ ಊರಿನ ಗರಡಿಮನೆಯ ಕೆಮ್ಮಣ್ಣು ಮೈಗಂಟಿದ ನೆನಪನ್ನೇ ನಂಬಿ ಕಬ್ಬಿಣ ಎತ್ತಲು ಹೊರಟವರು. ಪಕ್ಕದ ಹುಡುಗರು ನಿರಾಯಾಸವಾಗಿ ಎತ್ತುವ ಭಾರ ಕಂಡು ನಮಗೆ ಸಂಕೋಚವಾಗುತ್ತಿತ್ತು. ಅರ್ಜಿನೈನ್ ಬೆರೆತ ಪುಡಿಯ ಪರಿಚಯವಾದದ್ದು ಅವರಿಂದಲೇ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಒಂದು ಚಮಚವನ್ನು ನೀರಿನಲ್ಲಿ ಕದಡಿ ಕುಡಿದರಾಯಿತು.

ಪುಡಿಯ ಹಿಂದಿನ ತರ್ಕ ಸೊಗಸಾಗಿತ್ತು. ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ದೇಹವು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಕೆಲಸವನ್ನು ಕಂಡುಕೊಂಡ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಸಂದಿದೆ. ನಾಳ ಹಿಗ್ಗಿದರೆ ಹೆಚ್ಚು ರಕ್ತ, ಹೆಚ್ಚು ರಕ್ತವೆಂದರೆ ಹೆಚ್ಚು ಬಲ ಎಂದು ನಾವು ಲೆಕ್ಕ ಹಾಕಿದೆವು. ಕೆನ್ನೆ, ಬೆರಳುಗಳು ಜುಮುಗುಟ್ಟಿದಾಗ ಅದನ್ನೇ ಬಲವೆಂದು ನಂಬಿದೆವು.

ಮೂರನೆಯ ವಾರ, ರಾಯಚೂರಿನ ಗೆಳೆಯರು ಭಾರ ಕೆಳಗಿಟ್ಟು ನಿಂತವರು ಕಣ್ಣು ಕತ್ತಲೆಗಟ್ಟಿ ಕುಸಿದರು. ವೈದ್ಯರು ಮೊದಲು ಕೇಳಿದ್ದು, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು. ಒಂದು ವರ್ಷದಿಂದ ರಕ್ತದೊತ್ತಡಕ್ಕೆ, ಎಂದು ಗೆಳೆಯರು ತಗ್ಗಿದ ದನಿಯಲ್ಲಿ ಹೇಳಿದರು. ನಮ್ಮಿಬ್ಬರಿಗೂ ಅದು ಹೊಸ ಸುದ್ದಿ. ಇದೇ ಕಾರಣವೆಂದು ಖಚಿತವಾಗಿ ಹೇಳಲಾಗದು. ಆದರೆ ಮಾತ್ರೆಯಂತೆ ಅರ್ಜಿನೈನ್ ಕೂಡ ಒತ್ತಡ ಇಳಿಸಬಲ್ಲದು, ಎರಡೂ ಕೂಡಿದರೆ ಅದು ತೀರ ಕುಸಿಯಬಹುದು ಎಂದರು ವೈದ್ಯರು.

ಆ ಸಂಜೆ ಡಬ್ಬಿಯ ಸಣ್ಣಕ್ಷರಗಳನ್ನು ಮೊದಲ ಸಲ ಓದಿ, ತಿಳಿದವರನ್ನು ಕೇಳಿದೆವು. ಜುಮುಗುಟ್ಟಿಸುತ್ತಿದ್ದದ್ದು ಅದರಲ್ಲಿದ್ದ ಬೀಟಾ ಅಲನೈನ್. ಚುರುಕು ತರುತ್ತಿದ್ದದ್ದು ಕೆಫೀನ್. ನುಂಗಿದ ಅರ್ಜಿನೈನಿನ ದೊಡ್ಡದೊಂದು ಪಾಲನ್ನು ಕರುಳು ಮತ್ತು ಯಕೃತ್ತು ದಾರಿಯಲ್ಲೇ ಒಡೆದುಹಾಕುತ್ತವೆ. ಉಳಿದದ್ದು ಬಲ ಹೆಚ್ಚಿಸುವುದೆಂಬುದಕ್ಕೆ ಪ್ರಯೋಗಗಳು ಒಮ್ಮತದ ಉತ್ತರ ಕೊಟ್ಟಿಲ್ಲ. ಚಮಚವೊಂದರಲ್ಲಿದ್ದದ್ದು 3 ಗ್ರಾಂ. ನೂರು ಗ್ರಾಂ ಶೇಂಗಾದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಊರಿನಿಂದ ಅವ್ವ ಕಳಿಸಿದ ಶೇಂಗಾ ಉಂಡಿಯ ಡಬ್ಬಿ ಅಡುಗೆಮನೆಯಲ್ಲಿ ಮುಚ್ಚಿಯೇ ಇತ್ತು.

ಇದೇ ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಬಳಿ, ರೊನಾಲ್ಡ್ ರಾಸ್ ಅವರ ಹೆಸರಿನ ಸಂಸ್ಥೆಯಿದೆ. 1897ರ ಆಗಸ್ಟ್ 20ರಂದು ಅವರು ಸೊಳ್ಳೆಯ ಹೊಟ್ಟೆಯನ್ನು ಸೀಳಿ ನೋಡಿ ಮಲೇರಿಯಾದ ಗುಟ್ಟನ್ನು ಕಂಡರು. ದಿನವೂ ಆ ಊರಿನಲ್ಲೇ ಓಡಾಡುವ ನಾವು, ನಮ್ಮ ಹೊಟ್ಟೆಗೆ ಹೋದದ್ದು ಏನಾಗುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಪುಡಿಯಲ್ಲ. ಅದರ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಜಿಮ್ಮಿಗೆ ಹೋಗುತ್ತಿದ್ದವರು, ಮಾತ್ರೆಯ ಮಾತನ್ನು ಗೆಳೆಯರಿಂದಲೂ ಮುಚ್ಚಿಟ್ಟಿದ್ದರು. ವಯಸ್ಸನ್ನು ಒಪ್ಪಿಕೊಳ್ಳುವ ನಾಚಿಕೆ ಅವರೊಬ್ಬರದೇ ಆಗಿರಲಿಲ್ಲ. ಮರುದಿನ ನಮ್ಮಲ್ಲಿ ಇನ್ನೊಬ್ಬರು ತಮ್ಮ ಸಕ್ಕರೆ ಕಾಯಿಲೆಯ ವಿಷಯ ಹೇಳಿದರು.

ವೈದ್ಯರ ಒಪ್ಪಿಗೆ ಪಡೆದು ಈಗ ಮತ್ತೆ ಹೋಗುತ್ತಿದ್ದೇವೆ. ಭಾರ ಕಡಿಮೆಯಾಗಿದೆ. ಎತ್ತುವ ಮುನ್ನ, ಇವತ್ತು ಬಿಪಿ ಎಷ್ಟಿತ್ತು ಎಂದು ಕೇಳುತ್ತೇವೆ. ಗೆಳೆಯರು ಹೇಳುತ್ತಾರೆ.