ಖಾನಾಪುರದ ಗಡಿಗೆ, ಗಾಳಿ ಹಿಡಿಯುವ ಹರಳು

ಬೇಸಗೆ ಕಾಲಿಟ್ಟಿತೆಂದರೆ ಬೆಳಗಾವಿಯ ಪೇಟೆಯಲ್ಲಿ ಮಣ್ಣಿನ ಗಡಿಗೆ, ಹರವಿಗಳು ಸಾಲಾಗಿ ಕುಳಿತುಬಿಡುತ್ತವೆ. ಕೊಳ್ಳಬಂದ ಗೃಹಿಣಿ ಬೆರಳಿನಿಂದ ತಟ್ಟಿ, ನಾದವನ್ನು ಆಲಿಸಿ, ಆಮೇಲೆ ಬೆಲೆಯ ಮಾತಿಗೆ ತೊಡಗುತ್ತಾಳೆ. ಈ ಕಸುಬಿನ ಹೆಸರಾಂತ ನೆಲೆಯನ್ನು ಕಾಣಬಯಸುವ ಪ್ರವಾಸಿಯು ಲೋಂಡಾದ ಕಡೆಗೆ ಹೋಗುವ ರೈಲನ್ನೇರಿ, ಸುಮಾರು 26 ಕಿಲೋಮೀಟರು ಸಾಗಿ, ಖಾನಾಪುರದಲ್ಲಿ ಇಳಿಯಬೇಕು.

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಊರಿನ ಮಗ್ಗುಲಲ್ಲಿ ಹರಿಯುತ್ತಾಳೆ. ಇಲ್ಲಿಯ ಜೇಡಿಮಣ್ಣು ಗಡಿಗೆ, ಹಂಚು, ಇಟ್ಟಿಗೆಗಳಿಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ನೆಲೆಸಿರುವುದೂ ಇಲ್ಲಿಯೇ. ತಿಗರಿಯಿಂದ ಇಳಿದ ಹಸಿ ಗಡಿಗೆಗೆ ನೀರೆರೆದರೆ ಅದು ಕರಗಿ ಮರಳಿ ಮಣ್ಣಾಗುವುದು; ಆವಿಗೆಯಲ್ಲಿ ಬೆಂದ ಗಡಿಗೆ ಮಾತ್ರ ನೀರನ್ನು ತಾಳಬಲ್ಲುದು. ಬೆಂದ ಮೇಲೂ ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಅವುಗಳ ಮೂಲಕ ಜಿನುಗಿದ ನೀರು ಆರುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಮೆರುಗು ಬಳಿದು ರಂಧ್ರಗಳನ್ನು ಮುಚ್ಚಿದರೆ ಗಡಿಗೆಯೇನೋ ಹೊಳೆದೀತು, ನೀರು ತಂಪಾಗದು.

ರಂಧ್ರವಿರಬೇಕು, ಗೋಡೆಯೂ ನಿಲ್ಲಬೇಕು. ಕುಂಬಾರನ ಈ ಚಿಂತೆಯೇ ರಸಾಯನಶಾಸ್ತ್ರದ ಒಂದು ಹೊಸ ಶಾಖೆಯ ಚಿಂತೆಯೂ ಆಗಿದೆ. ಲೋಹದ ಅಯಾನುಗಳನ್ನು ಕೀಲುಗಳನ್ನಾಗಿಯೂ ಇಂಗಾಲಯುಕ್ತ ಅಣುಗಳನ್ನು ತೊಲೆಗಳನ್ನಾಗಿಯೂ ಜೋಡಿಸಿ, ಒಳಗೆಲ್ಲ ಬರಿದಾದ ಕೋಣೆಗಳಿರುವ ಹರಳನ್ನು ಕಟ್ಟುವುದು ಆ ವಿದ್ಯೆ. ಆಸ್ಟ್ರೇಲಿಯದ ರಿಚರ್ಡ್ ರಾಬ್ಸನ್ 1989ರಲ್ಲಿ ದಾರಿ ತೋರಿದರು. ಅವರ ಹರಳುಗಳು ಹಸಿ ಗಡಿಗೆಯಂತೆ ಸುಲಭವಾಗಿ ಕುಸಿಯುತ್ತಿದ್ದವು. 1997ರಲ್ಲಿ ಜಪಾನಿನ ಸುಸುಮು ಕಿಟಗಾವ ತಮ್ಮ ಹರಳಿಗೆ ಮೀಥೇನ್, ಸಾರಜನಕ, ಆಮ್ಲಜನಕಗಳನ್ನು ತುಂಬಿ, ಚೌಕಟ್ಟು ಕೆಡದಂತೆ ಮರಳಿ ಹೊರತೆಗೆದರು. 1999ರಲ್ಲಿ ಅಮೆರಿಕದಲ್ಲಿ ಓಮರ್ ಯಾಘಿ ಪ್ರಕಟಿಸಿದ ಹರಳು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ಕುಸಿಯದೆ ನಿಂತಿತು. ಅದರ ಒಂದೆರಡು ಗ್ರಾಮಿನ ಒಳಮೈಯನ್ನು ಹರಡಿದರೆ ಕಾಲ್ಚೆಂಡಿನ ಮೈದಾನದಷ್ಟಾದೀತು. ಈ ಮೂವರಿಗೂ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಅನಿಲವು ಈ ಗೋಡೆಗಳಿಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಒತ್ತಡ ಇಳಿಸಿದರೆ, ಇಲ್ಲವೆ ಬಿಸಿ ಮಾಡಿದರೆ ಬಿಟ್ಟು ಹೋಗುತ್ತದೆ. ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಸೋಸುವ ಆಸೆ ನಿಂತಿರುವುದು ಈ ಗುಣದ ಮೇಲೆಯೇ. ಹಿಡಿತ ಬಿಗಿಯಾದರೆ ಬಿಡಿಸುವ ಖರ್ಚು ಏರುವುದು, ಸಡಿಲವಾದರೆ ಹೊಗೆ ಹಾಗೆಯೇ ಪಾರಾಗುವುದು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ಚೌಕಟ್ಟುಗಳ ಸಂಶೋಧನೆ ನಡೆದಿದೆ.

1999ರ ಆ ಹರಳಿಗೆ ಒಂದು ಕೊರತೆಯುಂಟು: ತೇವದ ಗಾಳಿ ತಾಗಿದರೆ ಅದರ ಚೌಕಟ್ಟು ಶಿಥಿಲವಾಗುತ್ತದೆ. ಖಾನಾಪುರದ ಮಳೆಗಾಲವನ್ನು ಅದು ತಾಳಲಾರದು. ಮುಂದೆ ಜಿರ್ಕೋನಿಯಂ ಕೀಲುಗಳಿಂದ ಕಟ್ಟಿದ ಹರಳುಗಳು ನೀರಿಗೆ ಜಗ್ಗದೆ ನಿಂತವು. ಮೊದಲ ಮಳೆಗೆ ಮುಂಚೆಯೇ ಆವಿಗೆಗೆ ಬೆಂಕಿಯಿಡಲು ಆತುರಪಡುವ ಕುಂಬಾರನಿಗೆ ಈ ಪರೀಕ್ಷೆ ಹೊಸದೇನಲ್ಲ.