ಮೇಜಿನ ಆಚೆಯ ಕುರ್ಚಿ

ಕಳೆದ ವರುಷ ಬ್ರಹ್ಮಪುರದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ವ್ಯಾಸಂಗ ಪ್ರಮಾಣಪತ್ರವನ್ನು ಕೇಳಿಕೊಂಡು ಬಂದಳು. ಪದವಿ ಮುಗಿಸಿದ ಆಕೆ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಗೆ ಕೂಡ್ರುವಳೆಂದು ತಿಳಿದು ನಾವು, "ಮಗಳೇ, ಬಿ.ಎಡ್. ಮಾಡಬಾರದೇ? ಮಾನದ ಕೆಲಸವಲ್ಲವೇ?" ಎಂದೆವು.

ಆಕೆ ತಲೆ ತಗ್ಗಿಸಿ, "ಬಾಯಿಯವರೇ, ಅಪ್ಪ ತೀರಿಕೊಂಡ ಮೇಲೆ ಅವ್ವ ವಿಧವಾ ವೇತನಕ್ಕಾಗಿ ಒಂದು ಕಚೇರಿಗೆ ಆರು ತಿಂಗಳು ಅಲೆದಳು. ಒಬ್ಬರೂ ಕೂಡ್ರೆನ್ನಲಿಲ್ಲ. ಆ ಮೇಜಿನ ಆಚೆ ಕುಳಿತು, ಅವ್ವನಂಥವರನ್ನು ಮೊದಲು ಕೂಡ್ರಿಸಿ ಮಾತಾಡಿಸಬೇಕೆಂದು ನನ್ನ ಆಸೆ" ಎಂದಳು. ನಾವು ನಾಚಿದೆವು. ಇಷ್ಟು ವರುಷ ನಮ್ಮ ಬಾಲೆಯರಿಗೆ ಉಪಾಧ್ಯಾಯಿನಿ, ದಾದಿ ಎಂಬ ಎರಡೇ ಬಾಗಿಲುಗಳನ್ನು ತೋರಿಸಿದ್ದೆವು.

ಪ್ರಿಯ ಬಾಲೆಯರೇ, ಮೂರನೆಯದೂ ಉಂಟು. ಯಾವ ವಿಷಯದ ಪದವಿಯಾದರೂ ಆದೀತು. ಕರ್ನಾಟಕ ಲೋಕಸೇವಾ ಆಯೋಗವು ಪೂರ್ವಭಾವಿ, ಮುಖ್ಯ, ಸಂದರ್ಶನ ಎಂಬ ಮೂರು ಮೆಟ್ಟಿಲುಗಳಲ್ಲಿ ಆರಿಸುವದು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯು ಕಲಿಸುವದು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯ ಮೇರೆಗೆ, ಕಲಬುರಗಿ ಮೊದಲಾದ ನಮ್ಮ ಸೀಮೆಯ ಸ್ಥಳೀಯ ವೃಂದದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 75 ಇಲ್ಲಿಯವರಿಗೇ ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪತ್ರವು ಬೇಕು. ಆದುದರಿಂದ ಶಾಲೆಯ ದಾಖಲೆಗಳನ್ನು ಜೋಪಾನವಾಗಿಡಿರಿ.

ಆಕೆ ಮೊದಲ ಸಲ ತೇರ್ಗಡೆಯಾಗಲಿಲ್ಲ, ಮರಳಿ ಓದುತ್ತಲಿರುವಳು. ಶಿಷ್ಯರ ಕಾಲುಗಳನ್ನು ತೊಳೆದ ಕರ್ತನು ಆಕೆಗೆ ಆ ಕುರ್ಚಿಯನ್ನೂ, ಅದರಲ್ಲಿ ಕುಳಿತ ಮೇಲೆ ಅವ್ವ ನಿಂತಿದ್ದ ನೆನಪನ್ನೂ ಅನುಗ್ರಹಿಸಲಿ.